ಅದ್ದುಕನ ನಲವತ್ತೇಳು ಹಾರ್ನುಗಳು

ಮಂಗಳೂರಿನ ಕುದ್ರೋಳಿಗೆ ಹೋಗಿ ಅಬ್ದುಲ್ ರಹ್ಮಾನರ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, ಯಾವ ಅಬ್ದುಲ್ ರಹ್ಮಾನ್ ಎಂದು ತಿರುಗಿ ಕೇಳುತ್ತಾರೆ. ಆ ಹೆಸರು ಇರುವುದು ಅವರ ಆಧಾರ್ ಕಾರ್ಡಿನಲ್ಲಿ ಮಾತ್ರ. ಅದ್ದುಕನ ಅಂಗಡಿ ಎನ್ನಬೇಕು. ಆಗ ಮೀನು ಮಾರುವ ಹೆಂಗಸೂ ಬುಟ್ಟಿ ಇಳಿಸದೆಯೇ ಗದ್ದ ಎತ್ತಿ ದಾರಿ ತೋರಿಸುತ್ತಾಳೆ. ಬೈಕಿಗೆ ಲೈಟು, ಹಾರ್ನು, ಕಳ್ಳರ ಅಲಾರಾಂ ಕೂರಿಸಿಕೊಡುವ ಅಂಗಡಿ ಅದು. ಎರಡು ಬೈಕು ನಿಂತರೆ ಮೂರನೆಯದು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ.

ಎಷ್ಟೋ ಮಂದಿ ಎಂಜಿನಿಯರುಗಳು ತಲೆ ಕೆಡಿಸಿಕೊಂಡು ಮಾಡಿದ ಬೈಕಿನಲ್ಲಿ, ಶೋರೂಮಿನಿಂದ ತಂದ ಮೂರನೇ ದಿನಕ್ಕೆ ನಮ್ಮವರಿಗೆ ನೂರೆಂಟು ಕೊರತೆ ಕಾಣುತ್ತದೆ. ಬೆಳಕು ಸಾಲದು, ಶಬ್ದ ಸಾಲದು, ಚಂದ ಸಾಲದು. ಹಾಗೆ ಬಂದವರನ್ನು ಅದ್ದುಕ ಮೊದಲು ಒಂದಿಷ್ಟು ಬೈಯುತ್ತಾರೆ. ಬೈದು ಮುಗಿಸಿ ಕೆಲಸ ಮಾಡಿಕೊಡುತ್ತಾರೆ. ಆ ಕೆಲಸ ನೋಡಬೇಕು! ಸೌದಿಯ ದಮ್ಮಾಮಿನ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಕರೆಂಟಿನ ಪ್ಯಾನೆಲು ಜೋಡಿಸಿ ಬಂದ ಕೈ ಅದು. ಬೇರೆಯವರು ಹಲ್ಲಿನಿಂದ ಕಚ್ಚಿ ವಯರು ಬಿಡಿಸಿ, ಟೇಪು ಸುತ್ತಿ, ಸೀಟಿನಡಿಗೆ ತುರುಕಿ ಕೈತೊಳೆದುಕೊಳ್ಳುತ್ತಾರೆ. ಅದ್ದುಕ ಹಾಗಲ್ಲ. ಬೆಸೆಯುತ್ತಾರೆ, ಬೆಸುಗೆಯ ಮೇಲೆ ರಬ್ಬರಿನ ತೋಳು ಹಾಕುತ್ತಾರೆ, ಟೇಪು ಸುತ್ತುತ್ತಾರೆ, ಕೊನೆಗೆ ಆ ಟೇಪಿನ ಮೇಲೆ ತಾಯಿ ಆಸ್ಯಮ್ಮನ ಹೊಲಿಗೆ ಡಬ್ಬಿಯ ಹಳದಿ ನೂಲು ಮೂರು ಸುತ್ತು ಸುತ್ತಿ ಗಂಟು ಹಾಕುತ್ತಾರೆ. ಅದು ಅವರ ರುಜು. ಮಾಡಿದವನು ಯಾರೆಂದು ನಾಳೆ ಬಿಚ್ಚಿದವನಿಗೆ ಗೊತ್ತಾಗಬೇಕು ಎಂಬುದು ಅವರ ಹಟ.

ಈ ಹಳದಿ ಗಂಟಿನಷ್ಟೇ ಹೆಸರಾದದ್ದು ಅಂಗಡಿಯ ಹಿಂದಿನ ಗೋಡೆಯ ಹಲಗೆ. ಅದರ ಮೇಲೆ ಸಾಲಾಗಿ ಹಳೇ ಹಾರ್ನುಗಳು. ಹೊಸ ಜೋಡಿ ಹಾರ್ನು ಹಾಕಿಸಿಕೊಂಡವರು ಕಂಪೆನಿಯ ಹಾರ್ನನ್ನು ಮನೆಗೆ ಒಯ್ಯುವುದಿಲ್ಲ, ಅದ್ದುಕನಲ್ಲೇ ಬಿಟ್ಟುಹೋಗುತ್ತಾರೆ. ಪೊಲೀಸರು ಆಗಾಗ ಕರ್ಕಶ ಹಾರ್ನಿನವರನ್ನು ಹಿಡಿಯಲು ರಸ್ತೆಗಿಳಿದಾಗ ಓಡಿ ಬಂದು ಹಳೆಯದನ್ನು ಹಾಕಿಸಿಕೊಳ್ಳುವುದು, ವಾರ ಕಳೆದ ಮೇಲೆ ಪುನಃ ಬಂದು ಹೊಸದನ್ನು ಹಾಕಿಸಿಕೊಳ್ಳುವುದು. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ನಾಟಕ. ಯಾರದು ಯಾವುದೆಂದು ತಪ್ಪದಿರಲು ಅದ್ದುಕ ಪ್ರತಿ ಹಾರ್ನಿನ ಬೆನ್ನಿಗೆ ಮಾರ್ಕರಿನಿಂದ ಬರೆಯುತ್ತಿದ್ದರು. ‘ಬಂದರು ಐಸ್’, ‘ಗೌರವ್ ಬುಲೆಟ್’, ‘ಸಿಟ್ಟಿನ ಮಾಸ್ಟ್ರು’. ಒಟ್ಟು ನಲವತ್ತೇಳು.

ಅವರ ಕೆಲಸಕ್ಕೆ ಎರಡು ವಿಶೇಷಗಳಿದ್ದವು. ಎರಡರ ಬಗ್ಗೆಯೂ ಅವರಿಗೆ ತುಸು ಹೆಮ್ಮೆಯೇ ಇತ್ತು. ಮೊದಲನೆಯದು, ಹೊಸ ಲೈಟು ಹಾರ್ನುಗಳಿಗೆ ಬೇಕಾದ ಕರೆಂಟನ್ನು ಅವರು ಇಗ್ನಿಷನ್ ಸ್ವಿಚ್ಚಿನಿಂದ, ಅಂದರೆ ಕೀ ಹಾಕಿ ತಿರುಗಿಸುವ ಜಾಗದಿಂದಲೇ ಕವಲೊಡೆಸುತ್ತಿದ್ದರು. ಲೈಟು ಆರಿಸಲು ಮರೆತು ಮನೆಗೆ ಹೋಗಿ ಮಲಗುವವರ ಊರು ಇದು. ಕೀ ತೆಗೆದರೆ ಎಲ್ಲವೂ ಆರಬೇಕು, ಬ್ಯಾಟರಿ ಉಳಿಯಬೇಕು. ಎರಡನೆಯದು ಪುಕ್ಕಟೆ ಸಲಹೆ. ನಮ್ಮ ಮಳೆಗೆ, ಸಮುದ್ರದ ಉಪ್ಪುಗಾಳಿಗೆ ಕೀ ಬಿಗಿಯಾಗುತ್ತದಲ್ಲ, ಆಗ ಕೀ ಹಾಕುವ ತೂತಿಗೆ ಎರಡು ಹನಿ ತೆಂಗಿನೆಣ್ಣೆ ಬಿಡಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕುದ್ರೋಳಿಯ ಮನೆಯಲ್ಲಿ ಆಸ್ಯಮ್ಮ ಬಾಗಿಲ ಬೀಗಕ್ಕೆ ಮಾಡುತ್ತಿದ್ದುದೂ ಅದನ್ನೇ. ಬೀಗ ಇವತ್ತಿಗೂ ಬೆಣ್ಣೆಯ ಹಾಗೆ ತಿರುಗುತ್ತದೆ.

ಕಳೆದ ಆಗಸ್ಟಿನಲ್ಲಿ ಕೊರಿಯರ್ ಹಂಚುವ ಹಿತೇಶ್ ಬೈಕು ತಳ್ಳಿಕೊಂಡು ಬಂದ. ಮೈಯೆಲ್ಲ ಒದ್ದೆ, ಮುಖ ಬಿಳುಚಿಕೊಂಡಿತ್ತು.

“ಹೋಗ್ತಾ ಹೋಗ್ತಾ ಒಮ್ಮೆಲೇ ಆಫ್ ಆಗ್ತದೆ ಅದ್ದುಕ. ಲೈಟಿಲ್ಲ, ಹಾರ್ನಿಲ್ಲ, ಎಂತದೂ ಇಲ್ಲ. ಕೀ ಸ್ವಲ್ಪ ಅಲ್ಲಾಡಿಸಿದರೆ ಪುನಃ ಬರ್ತದೆ. ನಿನ್ನೆ ಕೊಟ್ಟಾರದ ಫ್ಲೈಓವರಿನಲ್ಲಿ ನಿಂತಿತು. ಹಿಂದೆ ಟ್ಯಾಂಕರ್. ಬದುಕಿದ್ದೇ ದೊಡ್ಡದು ಮಾರಾಯ್ರೆ.”

ಅವನು ಆಗಲೇ ಮೂರು ಗ್ಯಾರೇಜು ಸುತ್ತಿದ್ದ. ಒಬ್ಬ ಪ್ಲಗ್ ಬದಲಾಯಿಸಿದ್ದ, ಇನ್ನೊಬ್ಬ ಬ್ಯಾಟರಿ. ಮೂರನೆಯವನು ಪೆಟ್ರೋಲಿನಲ್ಲಿ ನೀರುಂಟು ಎಂದು ಟ್ಯಾಂಕನ್ನೇ ಬರಿದು ಮಾಡಿದ್ದ. ಬೈಕು ಮಾತ್ರ ತನಗೆ ಬೇಕಾದಲ್ಲಿ ನಿಲ್ಲುವುದನ್ನು ಬಿಟ್ಟಿರಲಿಲ್ಲ.

ಅದ್ದುಕ ಹೆಡ್‌ಲೈಟಿನ ಮುಖವಾಡ ಕಳಚಿ ಇಗ್ನಿಷನ್ ಸ್ವಿಚ್ಚನ್ನು ಹೊರಕ್ಕೆ ತೆಗೆದರು. ಬಿಳಿಯ ಪ್ಲಾಸ್ಟಿಕ್ ಕನೆಕ್ಟರು ಕಾಫಿ ಬಣ್ಣಕ್ಕೆ ತಿರುಗಿತ್ತು. ಸ್ವಿಚ್ಚಿನ ಅಡಿಯ ಮುಚ್ಚಳ ತೆರೆದಾಗ ಹಳೇ ಎಣ್ಣೆಯಲ್ಲಿ ಹಪ್ಪಳ ಕರಿದ ವಾಸನೆ ಬಂತು. ಕೀ ತಿರುಗಿಸಿದಾಗ ಒಂದಕ್ಕೊಂದು ತಾಗಿ ಕರೆಂಟು ದಾಟಿಸುವ ಪುಟ್ಟ ತಾಮ್ರದ ಬಿಲ್ಲೆಗಳು ಒಳಗೆ ಸುಟ್ಟು ಕಪ್ಪಾಗಿದ್ದವು. ಅವುಗಳ ಸುತ್ತ ಧೂಳು ಸೇರಿ ಅಂಟಾದ ತೆಂಗಿನೆಣ್ಣೆ. ಅಲ್ಲಿಂದ ಹೊರಟ ಹೆಚ್ಚುವರಿ ವಯರನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿದರು. ಒಂದು ಗೇಣು ಹೋಗುವಷ್ಟರಲ್ಲಿ ಬೆರಳಿಗೆ ಹಳದಿ ಗಂಟು ಸಿಕ್ಕಿತು.

ಅದು ಅವರದೇ ಗಂಟು. ಎದ್ದು, ಅಂಗಡಿಯ ಮೂಲೆಯಲ್ಲಿ ಮಲಗಿದ್ದ ಮೀಟರು ತಂದು ತಾವೇ ಕೂರಿಸಿದ್ದ ಮಂಜು ಲೈಟುಗಳು, ಅಂದರೆ ಫಾಗ್ ಲೈಟುಗಳು, ಎಷ್ಟು ಕರೆಂಟು ಎಳೆಯುತ್ತವೆಂದು ಅಳೆದರು. ಡಬ್ಬಿಯ ಮೇಲೆ ಬರೆದದ್ದರ ಮೂರು ಪಟ್ಟು! ದಮ್ಮಾಮಿನಲ್ಲಿ ಅಳೆಯದೆ ಒಂದು ವಯರನ್ನೂ ಸಿಕ್ಕಿಸದಿದ್ದ ಮನುಷ್ಯ, ಊರಿಗೆ ಬಂದ ಮೇಲೆ ಡಬ್ಬಿಯ ಮೇಲಿನ ಅಕ್ಷರ ನಂಬಿದ್ದರು. ಲೈಟು ಎರಡು, ಹಾರ್ನು ಎರಡು, ಅದರ ಮೇಲೆ ಎಂಜಿನ್ನಿನ ಪಾಲು, ಎಲ್ಲವನ್ನೂ ಆ ಪುಟ್ಟ ಬಿಲ್ಲೆಗಳ ತಲೆಗೆ ಕಟ್ಟಿದ್ದರು. ಮದುವೆಗೆ ಬಂದ ಜನರನ್ನೆಲ್ಲ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಿಟ್ಟ ಹಾಗೆ. ಸಾಲದ್ದಕ್ಕೆ ಅವರೇ ಹೇಳಿ ಹಾಕಿಸಿದ ಎಣ್ಣೆ.

ಆ ಹೊತ್ತಿನಲ್ಲಿ ಅವರು ಹೊಸ ಸ್ವಿಚ್ಚು ಹಾಕಿ, ‘ಮಳೆಗೆ ಹಾಳಾದದ್ದು’ ಎಂದು ಕಳಿಸಿದ್ದರೆ ಹಿತೇಶ್ ಕೈಮುಗಿದು ಹೋಗುತ್ತಿದ್ದ. ಅವನಿಗೆ ಬೇಕಿದ್ದುದು ನಿಲ್ಲದ ಬೈಕು, ಅಷ್ಟೇ. ಅದ್ದುಕ ಕಪ್ಪಾದ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದರು.

“ಇದು ಮಳೆಯದಲ್ಲ, ಕಂಪೆನಿಯದೂ ಅಲ್ಲ. ನನ್ನ ತಪ್ಪು. ನಿನ್ನ ಜೀವಕ್ಕೆ ಎಂತಾದರೂ ಆಗಿದ್ದರೆ ಅದೂ ನನ್ನದೇ ಆಗ್ತಿತ್ತು.”

ಹಿತೇಶ್ ಒಮ್ಮೆ ಬಿಲ್ಲೆಯನ್ನು, ಒಮ್ಮೆ ಅವರ ಮುಖವನ್ನು ನೋಡಿದ. ತಪ್ಪು ಒಪ್ಪಿಕೊಳ್ಳುವ ಮೆಕ್ಯಾನಿಕ್ಕನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ.

ಸಂಜೆ ಪಕ್ಕದ ಸೀಟು ಕವರಿನ ಅಂಗಡಿಯ ಝಕರಿಯಾ ಚಹಾ ಹಿಡಿದುಕೊಂಡು ಬಂದರು. ಇಪ್ಪತ್ತು ವರ್ಷದ ಗೆಳೆಯ. ಹಲಗೆಯ ಮೇಲಿನ ಹಾರ್ನುಗಳೆಲ್ಲ ನೆಲದಲ್ಲಿ ಹರಡಿದ್ದವು, ಅದ್ದುಕ ಒಂದೊಂದನ್ನೇ ಒರೆಸಿ ಬೆನ್ನಿನ ಹೆಸರು ಓದುತ್ತಿದ್ದರು.

“ಇದೆಂತ ಹಾರ್ನಿನ ಸಂತೆ?”

“ಎಲ್ಲರನ್ನೂ ವಾಪಸ್ ಕರೀತೇನೆ. ನಲವತ್ತೇಳು ಗಾಡಿಯಲ್ಲೂ ಇದೇ ಉಂಟು.”

ಝಕರಿಯಾ ಲೋಟ ಕೆಳಗಿಟ್ಟರು. “ನಿನಗೆ ತಲೆ ಸರಿ ಉಂಟಾ? ಮಂಗಳೂರಿನಲ್ಲಿ ಎಲ್ಲರೂ ಹೀಗೇ ಮಾಡುವುದು. ಹಾಳಾದವನು ತಾನಾಗಿ ಬರ್ತಾನೆ, ಆಗ ಸರಿಮಾಡು. ನೀನಾಗಿ ಕರೆದು ‘ನಾನು ಹಾಳು ಮಾಡಿದ್ದೇನೆ’ ಅಂದರೆ ನಾಳೆಯಿಂದ ಈ ಅಂಗಡಿಗೆ ನಾಯಿಯೂ ಬರುವುದಿಲ್ಲ.”

“ಹಾಳಾದವನು ಬರ್ತಾನೆ, ಸರಿ. ಟ್ಯಾಂಕರಿನ ಅಡಿಗೆ ಬಿದ್ದವನು ಬರುವುದಿಲ್ಲವಲ್ಲ?”

ಝಕರಿಯಾ ಚಹಾ ಮುಗಿಸಿ ಎದ್ದುಹೋದರು. ಮರುದಿನ ತಮ್ಮ ಅಂಗಡಿಯ ಗಿರಾಕಿಗಳ ಪುಸ್ತಕದಿಂದ ಹನ್ನೆರಡು ಫೋನ್ ನಂಬರು ಬರೆದ ಚೀಟಿಯನ್ನು ತಂದಿಟ್ಟರು. ಗೆಳೆತನವೆಂದರೆ ಅವರಿಗೆ ಗೊತ್ತಿದ್ದುದು ಇಷ್ಟೇ, ಇದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ.

ಮನೆಯಲ್ಲಿ ಆಸ್ಯಮ್ಮ ಎಣ್ಣೆಯ ಸಂಗತಿ ಕೇಳಿ ಕೆರಳಿದರು. ಎಂಬತ್ತು ದಾಟಿದರೂ ನಾಲಿಗೆಗೆ ವಯಸ್ಸಾಗಿರಲಿಲ್ಲ. “ನಾನು ಹೇಳಿದ್ದು ಬಾಗಿಲ ಬೀಗಕ್ಕೆ. ಬಾಗಿಲಿನಲ್ಲಿ ಕರೆಂಟು ಉಂಟಾ? ಇದೆಲ್ಲ ನನ್ನ ತಲೆಗೆ ಕಟ್ಟಬೇಡ.” ಹಾಗೆ ಗದರಿದವರೇ ಹೊಸ ಹಳದಿ ನೂಲಿನ ಉಂಡೆಯೊಂದನ್ನು ಮಗನ ಚೀಲಕ್ಕೆ ಹಾಕಿದರು.

ಅದ್ದುಕ ಕರೆಯತೊಡಗಿದರು. ಕೆಲವರು ಕೂಡಲೇ ಬಂದರು. ಕೆಲವರು ಇದರಲ್ಲಿ ಏನೋ ವ್ಯಾಪಾರದ ಹುನ್ನಾರವಿದೆಯೆಂದು ಮೂಗು ಮುರಿದರು, ಪುಕ್ಕಟೆ ಎಂದಾಗ ಅನುಮಾನ ಇನ್ನೂ ಹೆಚ್ಚಾಯಿತು. ‘ಸಿಟ್ಟಿನ ಮಾಸ್ಟ್ರು’ ಬಂದು, ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ ಅರ್ಧ ಗಂಟೆ ಬೈದು, ಬೈಗುಳದ ನಡುವೆಯೇ ಕೂತು ಕೆಲಸ ಮಾಡಿಸಿಕೊಂಡು ಹೋದರು. ಅದ್ದುಕ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರು. ಕೆಲಸ ಇಷ್ಟೇ: ಸುಟ್ಟ ಬಿಲ್ಲೆ ತೆಗೆದು ಹೊಸದು ಹಾಕುವುದು, ಎಣ್ಣೆ ತೊಳೆಯುವುದು, ಲೈಟು ಹಾರ್ನುಗಳ ಕರೆಂಟನ್ನು ಫ್ಯೂಸು ಹಾಕಿ ನೇರ ಬ್ಯಾಟರಿಯಿಂದ ತರುವುದು, ನಡುವೆ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚು, ಕೂರಿಸುವುದು. ಹಾಗೆ ಮಾಡಿದರೆ ಕೀಯ ಪಾಲಿಗೆ ರಿಲೇಗೆ ಅಪ್ಪಣೆ ಕೊಡುವ ಕೆಲಸವೊಂದೇ ಉಳಿಯುತ್ತದೆ, ಭಾರವೆಲ್ಲ ಬೇರೆ ದಾರಿ ಹಿಡಿಯುತ್ತದೆ. ಮೊದಲೇ ಹೀಗೆ ಮಾಡಬಹುದಿತ್ತು. ಆ ಮಾತನ್ನು ಅವರು ತಮಗೆ ತಾವೇ ನಲವತ್ತಾರು ಸಲ ಹೇಳಿಕೊಂಡರು.

ಒಂದೊಂದು ಗಾಡಿ ಸರಿಯಾದಾಗಲೂ ಅದರ ಹಾರ್ನನ್ನು ಹಲಗೆಯಲ್ಲಿ ಗೋಡೆಗೆ ಮುಖ ಮಾಡಿ ತಿರುಗಿಸಿಡುತ್ತಿದ್ದರು. ಡಿಸೆಂಬರ್ ಮೊದಲ ವಾರಕ್ಕೆ ನಲವತ್ತಾರು ಹಾರ್ನುಗಳು ಬೆನ್ನು ತೋರಿಸಿ ನಿಂತವು. ಅಂಗಡಿಯ ಕಡೆಗೆ ಮುಖ ಮಾಡಿ ಉಳಿದದ್ದು ಒಂದೇ. ಬೆನ್ನಿನ ಮೇಲೆ ‘ನೋಣಯ್ಯ, ದೇರೆಬೈಲ್’ ಎಂದಿತ್ತು. ಫೋನ್ ನಂಬರಿಗೆ ಕರೆ ಮಾಡಿದರೆ, ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದು ಹೆಣ್ಣುಮಗಳೊಬ್ಬಳು ಸಮಾಧಾನದಿಂದ ಹೇಳುತ್ತಿದ್ದಳು.

ಆ ಮನುಷ್ಯ ಅದ್ದುಕನಿಗೆ ಚೆನ್ನಾಗಿ ನೆನಪಿತ್ತು. ಮೂರು ವರ್ಷದ ಹಿಂದೆ, ಇಸ್ತ್ರಿ ಹಾಕಿದ ಬಿಳಿ ಅಂಗಿ, ನೆಟ್ಟಗಿನ ಬೆನ್ನು, ಟ್ಯಾಂಕಿನ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಬಂದಿದ್ದರು. ಇವಳನ್ನು ಶಾಲೆಗೆ ಬಿಡಬೇಕು, ಬೆಳಿಗ್ಗೆ ಮಳೆಯಲ್ಲಿ ಎದುರಿನವನಿಗೆ ನಾನು ಕಾಣಬೇಕು ಎಂದಿದ್ದರು. ಆ ಹುಡುಗಿ ಹೊಸ ಹಾರ್ನನ್ನು ಒತ್ತಿ ಒತ್ತಿ ಬೀದಿಯವರ ಕಿವಿ ತೂತು ಮಾಡಿದ್ದಳು. ಈಗ ಆ ಮಗು ದಿನಾ ಅದೇ ಬೈಕಿನಲ್ಲಿ ಹೈವೇ ದಾಟುತ್ತಿದ್ದಾಳೆ ಎಂಬ ಯೋಚನೆ ಬಂದರೆ ಅದ್ದುಕ ಊಟದ ನಡುವೆಯೇ ಎದ್ದು ಆ ನಂಬರಿಗೆ ಇನ್ನೊಮ್ಮೆ ಕರೆ ಮಾಡುತ್ತಿದ್ದರು. ಉಳಿದ ನಲವತ್ತಾರು ಒಂದು ತೂಕವಾದರೆ ಇದೊಂದೇ ಒಂದು ತೂಕ.

ಎರಡು ಭಾನುವಾರ ಹಾರ್ನನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ದೇರೆಬೈಲಿನ ಬೀದಿ ಬೀದಿ ಅಲೆದರು. ಈಗಿನ ದೇರೆಬೈಲಿನಲ್ಲಿ ಫ್ಲ್ಯಾಟಿನ ನಂಬರು ಕೇಳಿದರೆ ಹೇಳುತ್ತಾರೆ, ಮನುಷ್ಯನ ಹೆಸರು ಕೇಳಿದರೆ ವಾಚ್‌ಮನ್ನನ್ನು ಕೇಳಿ ಎನ್ನುತ್ತಾರೆ. ವಾಚ್‌ಮನ್ ಒಡಿಶಾದವನು. ಒಬ್ಬ ನೋಣಯ್ಯ ಸಿಕ್ಕಿದರು, ಅವರಿಗೆ ಸೈಕಲ್ಲೂ ಬರುತ್ತಿರಲಿಲ್ಲ. ಎರಡನೇ ಭಾನುವಾರ ಸೋತು ಹಿಂದೆ ಬಂದು ಹಾರ್ನನ್ನು ಹಲಗೆಯಲ್ಲಿಡುವಾಗ ತಟ್ಟನೆ ಹಳೇ ಮಾತೊಂದು ನೆನಪಾಯಿತು. ಕಂಪೆನಿಯ ಹಾರ್ನು ಬಿಚ್ಚುತ್ತಿದ್ದಾಗ ನೋಣಯ್ಯ ನಕ್ಕು ಹೇಳಿದ್ದರು: “ಮೂವತ್ತೊಂದು ವರ್ಷ ಬಸ್ಸಿನ ಹಾರ್ನು ಕೇಳಿದ ಕಿವಿ ಮಾರಾಯ. ಇದು ಸೊಳ್ಳೆ ಅತ್ತ ಹಾಗೆ ಕೇಳ್ತದೆ.”

ಬಸ್ ಡ್ರೈವರ್! ಇಷ್ಟು ದಿನ ಈ ತಲೆಯಲ್ಲಿ ಏನಿತ್ತು ಎಂದು ಅದ್ದುಕ ತಮ್ಮನ್ನು ತಾವೇ ಬೈದುಕೊಂಡರು. ಮರು ಭಾನುವಾರ ಬೆಳಿಗ್ಗೆ ಸಾಮಾನಿನ ಚೀಲ, ಒಂದು ಬ್ಯಾಟರಿ, ಆ ಹಾರ್ನು ಹಿಡಿದು ಹಂಪನಕಟ್ಟೆಗೆ ಹೋಗಿ, ದೇರೆಬೈಲಿನ ಕಡೆಗೆ ಹೋಗುವ ಸಿಟಿ ಬಸ್ಸು ಹತ್ತಿದರು. ಕಂಡಕ್ಟರ್ ವಾಲ್ಟರ್ ಹಳಬ, ತಲೆ ನರೆತಿತ್ತು. ನೋಣಯ್ಯನ ಹೆಸರು ಕೇಳಿದ್ದೇ ಅವನ ಮುಖ ಅರಳಿತು, ಮರುಕ್ಷಣ ಬಾಡಿತು.

“ಗೊತ್ತಿಲ್ಲದೆ ಎಂತ? ನೋಣಯ್ಯಣ್ಣನ ಬಸ್ಸಿನಲ್ಲಿ ನಾನು ಎಂಟು ವರ್ಷ ದುಡಿದಿದ್ದೇನೆ. ಅವರು ಬ್ರೇಕ್ ಹಾಕಿದರೆ ನಿಂತವರ ಕೈಯ ಹಾಲು ತುಳುಕುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಕೋಳಿಗೂ ತಾಗಿಸಿದವರಲ್ಲ.” ಅವನು ಸ್ವರ ತಗ್ಗಿಸಿದ. “ಈಗ ಗಾಡಿ ಬಿಟ್ಟಿದ್ದಾರೆ. ಜುಲೈಯಲ್ಲಿ ಕುಂಟಿಕಾನ ಜಂಕ್ಷನಿನ ನಡುವೆ, ಮಗುವನ್ನು ಕೂರಿಸಿಕೊಂಡಿದ್ದಾಗ ಗಾಡಿ ಆಫ್ ಮಾಡಿದರಂತೆ. ಲಾರಿಯವನು ಹೇಗೋ ಬ್ರೇಕ್ ಹಾಕಿದ. ಕೈ ನಡುಗಿ ಕೀ ತಿರುಗಿಸಿದ್ದಂತೆ. ವಯಸ್ಸಾಯ್ತು ನೋಡಿ.”

ಅದ್ದುಕ ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಮಗು ಬದುಕಿದೆ ಎಂದು ಒಂದು ಕ್ಷಣ ಮನಸ್ಸು ಹಗುರಾಯಿತು, ಆಮೇಲೆ ವಾಲ್ಟರ್ ಹೇಳಿದ ಉಳಿದ ಮಾತು ಒಳಗಿಳಿಯಿತು. ವಾಲ್ಟರ್ ತೋರಿಸಿದ ಸ್ಟಾಪಿನಲ್ಲಿ ಇಳಿದು ಅವನು ಹೇಳಿದ ಮನೆಯ ಕಡೆ ನಡೆದರು.

ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹಂಚಿನ ಮನೆ. ಅಂಗಳದ ತುಳಸಿಕಟ್ಟೆಯ ಆಚೆ, ನೀಲಿ ತಾರ್ಪಾಲು ಹೊದ್ದ ಬೈಕು. ಬಾಗಿಲು ತೆರೆದ ಸೊಸೆ ನಿರೀಕ್ಷಾಳಿಗೆ ಇವರು ಯಾರೆಂದು ತಿಳಿಯಲಿಲ್ಲ. ಗಂಡ ರೂಪೇಶ್ ಮಸ್ಕತ್ತಿನಲ್ಲಿ, ಮನೆಯ ಹೊಣೆಯೆಲ್ಲ ಅವಳದು. ಅಪರಿಚಿತರೊಡನೆ ಮಾತು ಕಮ್ಮಿ.

“ಮಾವ ಈಗ ಗಾಡಿ ಬಿಡುವುದಿಲ್ಲ. ಅದನ್ನು ಮಾರುವುದುಂಟು. ನೀವು ತಗೊಳ್ಳಲಿಕ್ಕೆ ಬಂದದ್ದಾ?”

“ಅಲ್ಲಮ್ಮ, ಸರಿ ಮಾಡಲಿಕ್ಕೆ. ಅದನ್ನು ಹಾಳು ಮಾಡಿದ್ದು ನಾನು.”

ಚಾವಡಿಯ ಕುರ್ಚಿಯಲ್ಲಿ ನೋಣಯ್ಯ ಕೂತಿದ್ದರು. ಅದೇ ಮನುಷ್ಯನೇ ಎಂದು ಅದ್ದುಕನಿಗೆ ಸಂಶಯವಾಯಿತು. ಬನಿಯನ್ನು, ನಾಲ್ಕು ದಿನದ ಗಡ್ಡ, ಬಾಗಿದ ಬೆನ್ನು. ಎರಡು ಕೈಗಳನ್ನೂ ತೊಡೆಯ ಮೇಲೆ ಮಗುಚಿಟ್ಟು ಅವುಗಳನ್ನೇ ನೋಡುತ್ತಿದ್ದರು. ಅದ್ದುಕ ನಮಸ್ಕರಿಸಿ ತುಳುವಿನಲ್ಲಿ ಮಾತಾಡಿಸಿದರು. ನೋಣಯ್ಯ ಗುರುತು ಹಿಡಿದರು, ನಗಲಿಲ್ಲ.

“ಓ, ಹಾರ್ನಿನ ಬ್ಯಾರಿ. ಕೂತುಕೊಳ್ಳಿ. ನನ್ನದು ಮುಗಿಯಿತು. ಕೀ ಇವಳ ಹತ್ತಿರ ಉಂಟು, ಅಕ್ಕಿಡಬ್ಬಿಯಲ್ಲಿ. ಅಡಗಿಸಿದ್ದು ನನಗೆ ಗೊತ್ತಿಲ್ಲ ಅಂತ ಎಣಿಸಿದ್ದಾಳೆ.”

ನಿರೀಕ್ಷಾ ತಲೆ ತಗ್ಗಿಸಿದಳು. ಒಳಗಿನಿಂದ ಎಂಟು ವರ್ಷದ ಹುಡುಗಿಯೊಬ್ಬಳು ಓಡಿಬಂದು ಕಂಬಕ್ಕೊರಗಿ ನಿಂತಳು. ಹಾರ್ನು ಒತ್ತಿ ಬೀದಿ ಎಬ್ಬಿಸಿದ್ದ ಪ್ರಾಪ್ತಿ ಇವಳೇ.

“ಅಜ್ಜ ಕೀ ಮುಟ್ಟಲೇ ಇಲ್ಲ,” ಎಂದಳು, ಯಾರೂ ಕೇಳದಿದ್ದರೂ. “ನಾನು ಎಷ್ಟು ಸಲ ಹೇಳಿದ್ದೇನೆ. ಅಜ್ಜನ ಎರಡೂ ಕೈ ಹ್ಯಾಂಡಲಿನಲ್ಲೇ ಇತ್ತು.”

“ಪ್ರಾಪ್ತಿ, ಸುಮ್ಮನಿರು,” ಎಂದರು ನೋಣಯ್ಯ. ದನಿಯಲ್ಲಿ ಗದರಿಕೆಯಿರಲಿಲ್ಲ, ದಣಿವಿತ್ತು. ಮೊಮ್ಮಗಳು ತನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದು ಅವರೂ ನಂಬಿಬಿಟ್ಟಿದ್ದರು. ಐದು ತಿಂಗಳಿಂದ ಆ ಮನೆಯಲ್ಲಿ ನಿಜ ಹೇಳುತ್ತಿದ್ದುದು ಒಂದು ಮಗು ಮಾತ್ರ, ಅದರ ಮಾತಿಗೆ ಕಿಮ್ಮತ್ತಿರಲಿಲ್ಲ.

ಅದ್ದುಕನಿಗೆ ಸಂಗತಿಯೆಲ್ಲ ಒಮ್ಮೆಗೇ ಹೊಳೆಯಿತು. ಬರಿಯ ಬಾಯಿಮಾತಿನಲ್ಲಿ ‘ತಪ್ಪು ನಿಮ್ಮದಲ್ಲ’ ಎಂದರೆ ಈ ಮನುಷ್ಯ ನಂಬುವುದಿಲ್ಲ. ಮುದುಕನನ್ನು ಸಮಾಧಾನ ಮಾಡಲು ಬಂದ ಇನ್ನೊಬ್ಬ ಎಂದುಕೊಳ್ಳುತ್ತಾರೆ. ಅವರು ನಿರೀಕ್ಷಾಳ ಕಡೆ ಕೈಚಾಚಿದರು. “ಕೀ ಕೊಡಿ ಅಮ್ಮ. ಹತ್ತು ನಿಮಿಷ ಸಾಕು. ನೀವೆಲ್ಲ ಇಲ್ಲೇ ಕೂತು ನೋಡಿ.”

ತಾರ್ಪಾಲು ಸರಿಸಿ, ಸತ್ತ ಬ್ಯಾಟರಿ ತೆಗೆದು ತಾವು ತಂದದ್ದನ್ನು ಜೋಡಿಸಿದರು. ನಡು ಸ್ಟ್ಯಾಂಡು ಹಾಕಿ ನಿಲ್ಲಿಸಿ, ಕೀ ತಿರುಗಿಸಿ ಕಿಕ್ ಹೊಡೆದರು. ಆರನೇ ಸಲಕ್ಕೆ ಎಂಜಿನ್ ಕೆಮ್ಮಿಕೊಂಡು ಎದ್ದಿತು. ಕೀಯನ್ನು ಹಾಗೇ ಬಿಟ್ಟು, ಎರಡೂ ಮಂಜು ಲೈಟು ಉರಿಸಿ, ಅಂಗಳದ ಆಚೆ ಬದಿಗೆ ಸರಿದು ನಿಂತರು. ಎಲ್ಲರೂ ಚಾವಡಿಯಲ್ಲಿದ್ದರು, ಬೈಕು ಒಂಟಿಯಾಗಿ ಗುಡುಗುಡು ಎನ್ನುತ್ತಿತ್ತು. ಐದು ನಿಮಿಷ ಹೋಯಿತು. ಏಳು ನಿಮಿಷ. ಏನೂ ಆಗಲಿಲ್ಲ. ನೋಣಯ್ಯ ಮುಖ ತಿರುಗಿಸಿದರು.

ತಾವು ಕೂರಿಸಿದ ವೈರಿಂಗು ಹಾಳಾಗಲಿ ಎಂದು ದೇವರಲ್ಲಿ ಬೇಡಿಕೊಂಡ ಮೆಕ್ಯಾನಿಕ್ ಭೂಮಿಯ ಮೇಲೆ ಅದ್ದುಕ ಒಬ್ಬರೇ ಇರಬೇಕು.

“ಪ್ರಾಪ್ತಿ, ಬಾ. ಕೀ ಮುಟ್ಟಬಾರದು. ಹಾರ್ನು ಒತ್ತು. ಆ ದಿನ ನನ್ನ ಅಂಗಡಿಯಲ್ಲಿ ಒತ್ತಿದ್ದೆಯಲ್ಲ, ಹಾಗೆ.”

ಹುಡುಗಿ ಹಾರಿ ಬಂದು ಹೆಬ್ಬೆರಳಿನಿಂದ ಒತ್ತಿದಳು. ಜೋಡಿ ಹಾರ್ನು ಕೂಗಿತು. ಇನ್ನೊಮ್ಮೆ ಒತ್ತಿದಳು. ಮೂರನೇ ಸಲ ಹಾರ್ನಿನ ಕೂಗು ಅರ್ಧದಲ್ಲೇ ತುಂಡಾಯಿತು, ಲೈಟು ಆರಿತು, ಎಂಜಿನ್ ನಿಂತಿತು. ಅಂಗಳದಲ್ಲಿ ಶಬ್ದವೇ ಇಲ್ಲ. ಕೀ ಇದ್ದಲ್ಲೇ ಇತ್ತು.

“ನೋಡಿ ನೋಣಯ್ಯಣ್ಣ,” ಎಂದರು ಅದ್ದುಕ. “ನಿಮ್ಮ ಕೈ ಎಲ್ಲುಂಟು?”

ನೋಣಯ್ಯ ತಮ್ಮ ಕೈಗಳನ್ನು ನೋಡಿಕೊಂಡರು. ಎರಡೂ ತೊಡೆಯ ಮೇಲೆಯೇ ಇದ್ದವು, ಬೈಕಿನಿಂದ ಹದಿನೈದು ಅಡಿ ದೂರ.

“ಕುಂಟಿಕಾನದಲ್ಲಿ ಆದದ್ದೂ ಇದೇ. ಎದುರಿನವನಿಗೆ ಹಾರ್ನು ಹಾಕಿದ್ದಿರಬೇಕು ನೀವು, ಅಲ್ಲವಾ? ಸ್ವಿಚ್ಚಿನ ಒಳಗೆ ಸುಟ್ಟು ಹೋಗಿದೆ. ಅದು ಸುಟ್ಟದ್ದು ನಾನು ಅದರ ಮೇಲೆ ಹೇರಿದ ಭಾರಕ್ಕೆ. ಎಣ್ಣೆ ಹಾಕಲು ಹೇಳಿದವನೂ ನಾನೇ. ತಪ್ಪಿದ್ದು ನಿಮ್ಮ ಕೈಯಲ್ಲ, ನನ್ನ ಕೈ.”

“ನಾನು ಹೇಳಿದ್ದೆ!” ಎಂದು ಪ್ರಾಪ್ತಿ ಕಿರುಚಿದಳು. “ನಾನು ಎಲ್ಲರಿಗೂ ಹೇಳಿದ್ದೆ!” ಹಾಗೆನ್ನುತ್ತಲೇ ಅವಳಿಗೆ ಅಳು ಬಂತು. ನಿರೀಕ್ಷಾ ಮಗಳನ್ನು ತಬ್ಬಿಕೊಂಡಳು, ಮಾವನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ನೋಣಯ್ಯ ಎರಡೂ ಕೈಗಳನ್ನು ತಿರುಗಿಸಿ ಅಂಗೈ ನೋಡಿಕೊಂಡರು. ಆಮೇಲೆ, “ಐದು ತಿಂಗಳು,” ಎಂದರು. “ಐದು ತಿಂಗಳು ನಾನು ಚಹಾದ ಲೋಟವನ್ನೂ ಎರಡು ಕೈಯಲ್ಲಿ ಹಿಡಿದಿದ್ದೇನೆ.” ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದ್ದುಕ ಆ ಬಾಗಿಲನ್ನೇ ನೋಡುತ್ತ ನಿಂತರು. ಸಿಟ್ಟಿನ ಮಾಸ್ಟ್ರ ಅರ್ಧ ಗಂಟೆಯ ಬೈಗುಳ ಇದರ ಮುಂದೆ ಏನೂ ಅಲ್ಲ ಅನಿಸಿತು. ಬೈದರೆ ತಡೆದುಕೊಳ್ಳಬಹುದು, ಮುಚ್ಚಿದ ಬಾಗಿಲಿಗೆ ಏನು ಹೇಳುವುದು? ಬೇರೇನೂ ತೋಚದೆ ಕೆಲಸಕ್ಕೆ ಕೂತರು. ಸುಟ್ಟ ಬಿಲ್ಲೆ ತೆಗೆದರು, ತೊಳೆದರು, ಹೊಸದು ಹಾಕಿದರು, ರಿಲೇ ಕೂರಿಸಿದರು, ಫ್ಯೂಸು ಸಿಕ್ಕಿಸಿದರು. ಪ್ರತಿಯೊಂದನ್ನೂ ಮೀಟರಿನಲ್ಲಿ ಎರಡೆರಡು ಸಲ ಅಳೆದರು. ಕೊನೆಗೆ ಹಳದಿ ನೂಲು ಸುತ್ತುವಾಗ ಗಂಟು ಎರಡು ಸಲ ತಪ್ಪಿತು. ಎಂಜಿನ್ ಎಬ್ಬಿಸಿ, ಲೈಟು ಉರಿಸಿ, ಪ್ರಾಪ್ತಿಯ ಕೈಯಲ್ಲಿ ಇಪ್ಪತ್ತು ಸಲ ಹಾರ್ನು ಒತ್ತಿಸಿದರು. ಪಕ್ಕದ ಅಪಾರ್ಟ್‌ಮೆಂಟಿನವರು ಬಾಲ್ಕನಿಗೆ ಬಂದು ಬೈದರು. ಎಂಜಿನ್ ನಿಲ್ಲಲಿಲ್ಲ.

ಆಗ ಬಾಗಿಲು ತೆರೆಯಿತು. ನೋಣಯ್ಯ ಗಡ್ಡ ಬೋಳಿಸಿದ್ದರು. ತಲೆ ಬಾಚಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದರು, ಕೈಯಲ್ಲಿ ಹೆಲ್ಮೆಟ್ಟು ಎರಡು. ಮೆಟ್ಟಿಲಿಳಿದು ಬಂದು ಬೈಕಿನ ಪಕ್ಕ ನಿಂತು, ಎಂಜಿನ್ ಒಮ್ಮೆ ಆರಿಸಿ ಕೀಯನ್ನು ಪುನಃ ತಿರುಗಿಸಿದರು. ಆ ಕೈ ನಡುಗಲಿಲ್ಲ.

ಅದ್ದುಕ ಚೀಲದಿಂದ ಹಳೇ ಹಾರ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದರು. “ಇದು ನಿಮ್ಮದು. ಇನ್ನು ನನ್ನ ಮೇಲೆ ನಿಮಗೆ ಭರವಸೆ ಇರಲಿಕ್ಕಿಲ್ಲ. ಬೇಕಾದರೆ ನನ್ನದನ್ನೆಲ್ಲ ಬಿಚ್ಚಿ ಕಂಪೆನಿಯದ್ದೇ ಹಾಕಿಕೊಡ್ತೇನೆ.”

ನೋಣಯ್ಯ ಹಾರ್ನನ್ನು ತೆಗೆದುಕೊಂಡು ತಿರುಗಿಸಿ ಬೆನ್ನಿನ ಮೇಲಿದ್ದ ತಮ್ಮ ಹೆಸರು ಓದಿದರು. ಆಮೇಲೆ ಅದನ್ನು ಅದ್ದುಕನ ಚೀಲಕ್ಕೇ ವಾಪಸ್ ಹಾಕಿದರು.

“ಈ ಸೊಳ್ಳೆ ನಿಮ್ಮ ಹಲಗೆಯಲ್ಲೇ ಇರಲಿ. ಪೊಲೀಸರು ಹಿಡಿದರೆ ಓಡಿ ಬರಲಿಕ್ಕೆ ಒಂದು ಅಂಗಡಿ ಬೇಡವಾ?” ಒಂದು ಹೆಲ್ಮೆಟ್ಟನ್ನು ಅವರ ಕೈಗಿತ್ತರು. “ಹತ್ತಿ ಹಿಂದೆ. ಹಂಪನಕಟ್ಟೆಗೆ ಬಿಡ್ತೇನೆ.”

“ನಾನು ಬಸ್ಸಿನಲ್ಲಿ ಹೋಗ್ತೇನೆ ನೋಣಯ್ಯಣ್ಣ...”

“ನನ್ನ ಕೈ ಸರಿ ಉಂಟು ಅಂತ ಹೇಳಿದವರು ನೀವೇ ಅಲ್ಲವಾ? ಹತ್ತಿ.”

ಅದ್ದುಕ ಹತ್ತಿದರು. ನಿರೀಕ್ಷಾ ಗೇಟು ತೆರೆದಳು, ಪ್ರಾಪ್ತಿ ಬೀದಿಯ ತುದಿಯವರೆಗೆ ಜೊತೆಗೆ ಓಡಿದಳು. ಕುಂಟಿಕಾನದಲ್ಲಿ ಸಿಗ್ನಲ್ಲು ಕೆಂಪಾಗಿತ್ತು. ನೋಣಯ್ಯ ನಿಧಾನವಾಗಿ ಬ್ರೇಕ್ ಹಾಕಿದರು, ಅದ್ದುಕನ ಮಡಿಲಿನ ಚೀಲ ಕೂಡ ಅಲುಗಲಿಲ್ಲ. ಹಿಂದೆ ಲಾರಿಯೊಂದು ಬಂದು ನಿಂತು ಬಿಸಿಯುಸಿರು ಬಿಟ್ಟಿತು. ಅದ್ದುಕ ಎಂಜಿನ್ನಿನ ಸದ್ದನ್ನೇ ಆಲಿಸಿದರು. ಸಿಗ್ನಲ್ಲು ಹಸಿರಾಯಿತು. ಜಂಕ್ಷನಿನ ನಟ್ಟನಡುವೆ ನೋಣಯ್ಯ ಬೇಕೆಂದೇ ಉದ್ದಕ್ಕೆ ಹಾರ್ನು ಒತ್ತಿದರು. ಬೈಕು ನಿಲ್ಲಲಿಲ್ಲ, ಹೈವೇ ದಾಟಿತು, ಬಿಜೈ ದಾಟಿತು. ಹೆಲ್ಮೆಟ್ಟಿನ ಒಳಗೆ ಅದ್ದುಕನ ಕಣ್ಣು ಮಂಜಾಗಿ ರಸ್ತೆ ಸರಿಯಾಗಿ ಕಾಣಿಸುತ್ತಿರಲಿಲ್ಲ. ಬೈಕು ನಿಂತು, ನೋಣಯ್ಯ ತಲೆ ತಿರುಗಿಸದೆ, ಮೂವತ್ತೊಂದು ವರ್ಷ ಕಂಡಕ್ಟರುಗಳ ಬಾಯಲ್ಲಿ ಕೇಳಿದ ರಾಗದಲ್ಲೇ ಕೂಗಿದಾಗಲೇ ಅವರಿಗೆ ಎಲ್ಲಿಗೆ ಬಂದೆವೆಂದು ಗೊತ್ತಾದದ್ದು.

“ಹಂಪನಕಟ್ಟೆ! ಇಳಿಯುವವರು ಇಳಿಯಿರಿ!”